ಅರ್ಧ ಗಂಟೆ ಕಾದ ಮೇಲೆ ಲಿಂಟ್ ಎರರ್: ಸಿಐ ಪೈಪ್‌ಲೈನ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಪಿಆರ್ (ಪುಲ್ ರಿಕ್ವೆಸ್ಟ್, ನಿಮ್ಮ ಬದಲಾವಣೆಯನ್ನು ಮುಖ್ಯ ಕೋಡಿಗೆ ಸೇರಿಸಿ, ಅಂದರೆ ಮರ್ಜ್ ಮಾಡಿ, ಎಂಬ ಕೋರಿಕೆ) ಹಾಕಿದ್ದೀರಿ. ಕಾಫಿ ಕುಡಿದು ಬಂದರೂ ಸಿಐ, ಅಂದರೆ ಪ್ರತಿ ಬದಲಾವಣೆಯನ್ನೂ ತಾನಾಗಿ ಪರೀಕ್ಷಿಸುವ ಚೆಕ್‌ಗಳ ಸಾಲು, ಇನ್ನೂ ಸುತ್ತುತ್ತಲೇ ಇದೆ. ಕೊನೆಗೆ ಕೆಂಪು ಗುರುತು ಬಿತ್ತು. ತೆರೆದು ನೋಡಿದರೆ ಯಾವುದೋ ಫೈಲಿನಲ್ಲಿ ಬಳಸದ ಇಂಪೋರ್ಟ್ ಉಳಿದುಬಿಟ್ಟಿದೆ, ಅಷ್ಟೇ. ಹಿಡಿದದ್ದು ಲಿಂಟ್, ಕೋಡನ್ನು ಓಡಿಸದೆ ಓದಿಯೇ ತಪ್ಪು ಹೇಳುವ ಚೆಕ್. ಇಲ್ಲಿ ನಿಮ್ಮ ತಪ್ಪು ಒಂದು ಸಾಲಿನದು. ಅದನ್ನು ಹೇಳಲು ಅರ್ಧ ಗಂಟೆ ತೆಗೆದುಕೊಂಡದ್ದು ಪೈಪ್‌ಲೈನಿನ ತಪ್ಪು.

ಸಿಐ ಬಗ್ಗೆ ಬರುವ ದೂರುಗಳಲ್ಲಿ ಬಹಳಷ್ಟರ ಮೂಲ ಸರದಿಯಲ್ಲಿದೆ. ಯಾವ ಚೆಕ್ ಮೊದಲು ಓಡಬೇಕು, ಯಾವುದು ಆಮೇಲೆ, ಯಾವುದು ರಾತ್ರಿ ಓಡಿದರೆ ಸಾಕು ಅನ್ನುವುದನ್ನು ಯಾರೂ ಕೂತು ಯೋಚಿಸಿರುವುದಿಲ್ಲ. ಹೊಸ ಚೆಕ್ ಬಂದಾಗಲೆಲ್ಲ ಫೈಲಿನ ಕೊನೆಗೆ ಸೇರಿಸಿಕೊಂಡು ಹೋಗಿರುತ್ತಾರೆ. ಈ ಕೈಪಿಡಿಯ ಉದಾಹರಣೆಗಳು ಹೆಚ್ಚಾಗಿ ಗಿಟ್‌ಹಬ್‌ನದೇ ಸಿಐ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನವು. ಗಿಟ್‌ಲ್ಯಾಬ್, ಜೆಂಕಿನ್ಸ್ ಬಳಸುವವರಿಗೆ ಹೆಸರುಗಳು ಬೇರೆಯಾದರೂ ತೊಂದರೆಗಳು ಇವೇ.

ಏನನ್ನೂ ಮುಟ್ಟುವ ಮೊದಲು

ಲಾಗ್ ತೆರೆಯಿರಿ. ಕೊನೆಯ ಸಾಲನ್ನು ಓದಬೇಡಿ, ಮೊದಲ ಎರರ್ ಹುಡುಕಿ. ಕೊನೆಯಲ್ಲಿ ಸಿಗುವ 'ಎಕ್ಸಿಟ್ ಕೋಡ್ 1' ಏನೋ ಕೆಟ್ಟಿದೆ ಎನ್ನುತ್ತದೆಯೇ ಹೊರತು ಏನು ಕೆಟ್ಟಿದೆ ಎಂದು ಹೇಳುವುದಿಲ್ಲ. ಕೋಡ್ 127 ಆಗಿದ್ದರೆ ಆ ಕಮಾಂಡೇ ಆ ಮೆಷಿನ್‌ನಲ್ಲಿಲ್ಲ. 126 ಆಗಿದ್ದರೆ ಫೈಲ್ ಇದೆ, ಆದರೆ ಓಡಿಸುವ ಅನುಮತಿ ಇಲ್ಲ.

ಆಮೇಲೆ ಎಲ್ಲರ ಕೋಡ್ ಬಂದು ಸೇರುವ ಮೇನ್ ಬ್ರಾಂಚ್ ನೋಡಿ. ಅದೂ ಕೆಂಪಾಗಿದ್ದರೆ ನಿಮ್ಮ ಕೋಡನ್ನು ಕೆದಕುತ್ತಾ ಕೂರುವುದು ಸುಮ್ನೆ ಸಮಯ ಹಾಳು. ಗಿಟ್‌ಹಬ್‌ನ ಸ್ಟೇಟಸ್ ಪುಟವನ್ನೂ ಒಮ್ಮೆ ತೆರೆದುಬಿಡಿ. ಅವರದೇ ಸರ್ವಿಸ್ ಬಿದ್ದಿರುವ ದಿನಗಳೂ ಇರುತ್ತವೆ. ಇಷ್ಟಕ್ಕೆಲ್ಲ ಎರಡು ನಿಮಿಷ ಸಾಕು, ಆದರೂ ಹೆಚ್ಚಿನವರು ಇದನ್ನು ಬಿಟ್ಟು ನೇರವಾಗಿ 'ರೀ-ರನ್' ಒತ್ತುತ್ತಾರೆ.

"ಅರ್ಧ ಗಂಟೆ ಕಾದೆ, ಚಿಲ್ಲರೆ ತಪ್ಪಿಗೆ ಕೆಂಪು"

ಇದು ಸರದಿಯ ದೋಷ, ಬೇರೇನೂ ಅಲ್ಲ. ಸರಿಪಡಿಸಲು ಪ್ರತಿ ಚೆಕ್ ಬಗ್ಗೆ ಎರಡು ಸಂಖ್ಯೆ ಗೊತ್ತಿರಬೇಕು. ಅದು ಎಷ್ಟು ನಿಮಿಷ ತಿನ್ನುತ್ತದೆ? ನೂರು ಪಿಆರ್‌ಗಳಲ್ಲಿ ಎಷ್ಟರ ನಿಜವಾದ ತಪ್ಪನ್ನು ಹಿಡಿಯುತ್ತದೆ?

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಲಿಂಟ್‌ಗೆ 1 ನಿಮಿಷ, ನೂರಕ್ಕೆ 15 ಪಿಆರ್ ಹಿಡಿಯುತ್ತದೆ. ಕೋಡಿನ ತುಣುಕುಗಳನ್ನು ಬಿಡಿಬಿಡಿಯಾಗಿ ನೋಡುವ ಯೂನಿಟ್ ಟೆಸ್ಟ್‌ಗೆ 4 ನಿಮಿಷ, 20 ಹಿಡಿಯುತ್ತದೆ. ಅವನ್ನು ಜೋಡಿಸಿ ನೋಡುವ ಇಂಟಿಗ್ರೇಶನ್ ಟೆಸ್ಟ್‌ಗೆ 10 ನಿಮಿಷ, 10 ಹಿಡಿಯುತ್ತದೆ. ಬ್ರೌಸರ್ ಟೆಸ್ಟ್‌ಗೆ 20 ನಿಮಿಷ, 5 ಹಿಡಿಯುತ್ತದೆ. ಒಂದು ಪಿಆರ್‌ನಲ್ಲಿ ಒಂದೇ ತಪ್ಪು ಇದೆ, ಚೆಕ್‌ಗಳು ಒಂದಾದ ಮೇಲೆ ಒಂದು ಓಡುತ್ತವೆ ಎನ್ನೋಣ. ಬ್ರೌಸರ್ ಟೆಸ್ಟ್ ಮೊದಲು, ಲಿಂಟ್ ಕೊನೆಗೆ ಇಟ್ಟರೆ ತಪ್ಪಿರುವ ಪಿಆರ್‌ಗೆ ಉತ್ತರ ಸಿಗಲು ಸರಾಸರಿ 32 ನಿಮಿಷ ಬೇಕು. ಸರದಿ ತಿರುಗಿಸಿದರೆ ಸರಾಸರಿ 9 ನಿಮಿಷಕ್ಕೂ ಕಡಿಮೆ. ಒಂದು ಟೆಸ್ಟನ್ನೂ ತೆಗೆದಿಲ್ಲ, ಒಂದು ಮೆಷಿನ್ನೂ ಜಾಸ್ತಿ ಕೊಂಡಿಲ್ಲ.

ನಿಯಮ ಇಷ್ಟೇ: ನಿಮಿಷಗಳನ್ನು ಹಿಡಿದ ತಪ್ಪುಗಳ ಸಂಖ್ಯೆಯಿಂದ ಭಾಗಿಸಿ. ಚಿಕ್ಕ ಉತ್ತರ ಬಂದದ್ದು ಮೊದಲು ಓಡಲಿ. ಬೇಗ ಮುಗಿಯುತ್ತದೆ ಅನ್ನುವುದು ಒಂದೇ ಸಾಲದು. ಅರ್ಧ ನಿಮಿಷದ ಚೆಕ್ ವರ್ಷದಿಂದ ಒಂದೂ ತಪ್ಪು ಹಿಡಿದಿಲ್ಲವಾದರೆ ಅದು ಮುಂದಿನ ಸಾಲಿನಲ್ಲಿ ಕೂರಬೇಕಿಲ್ಲ. ಎಂಟು ನಿಮಿಷದ ಟೆಸ್ಟ್ ದಿನಾ ಒಂದು ಬಗ್ ಹಿಡಿಯುತ್ತಿದ್ದರೆ ಅದಕ್ಕೆ ಮುಂದೆ ಜಾಗ ಕೊಡಿ.

ಸಂಖ್ಯೆ ಎಲ್ಲಿಂದ ತರುವುದು? ಹಿಂದಿನ ಒಂದು ತಿಂಗಳ ರನ್‌ಗಳ ಪಟ್ಟಿ ತೆಗೆಯಿರಿ, ಕೆಂಪಾದವನ್ನು ಒಂದೊಂದಾಗಿ ನೋಡಿ. ರೀ-ರನ್ ಒತ್ತಿದ ಮೇಲೆ ತಾನಾಗಿ ಹಸಿರಾದದ್ದನ್ನು 'ಹಿಡಿದ ತಪ್ಪು' ಎಂದು ಎಣಿಸಬೇಡಿ. ಅದು ಬೇರೆ ಕಾಯಿಲೆ, ಕೆಳಗೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ತಪ್ಪೇ ಇಲ್ಲದ ಪಿಆರ್‌ಗೆ ಸರದಿ ಹೇಗಿದ್ದರೂ ಮೇಲಿನ ಲೆಕ್ಕದಲ್ಲಿ 35 ನಿಮಿಷವೇ. ಅದನ್ನು ಇಳಿಸಲು ಚೆಕ್‌ಗಳನ್ನು ಒಟ್ಟಿಗೆ ಓಡಿಸಬೇಕು. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಜಾಬ್‌ಗಳು, ಅಂದರೆ ಒಂದೇ ಮೆಷಿನ್ ಮೇಲೆ ಓಡುವ ಕೆಲಸಗಳ ಗುಂಪುಗಳು, ಒಟ್ಟಿಗೇ ಓಡುತ್ತವೆ. 'ನೀಡ್ಸ್' ಎಂದು ಬರೆದರೆ ಮಾತ್ರ ಒಂದು ಇನ್ನೊಂದಕ್ಕೆ ಕಾಯುತ್ತದೆ. ಹಾಗಂತ ಎಲ್ಲವನ್ನೂ ಬೇರೆ ಬೇರೆ ಜಾಬ್ ಮಾಡಿದರೆ ಇನ್ನೊಂದು ಗೋಳು. ಪ್ರತಿ ಜಾಬ್‌ಗೂ ಹೊಸ ಮೆಷಿನ್ ಬರುತ್ತದೆ, ಕೋಡ್ ಇಳಿಸಬೇಕು, ಪ್ಯಾಕೇಜ್‌ಗಳನ್ನು ಹಾಕಬೇಕು. ಅದಕ್ಕೇ ಮೂರು ನಿಮಿಷವಾದರೆ ಇಪ್ಪತ್ತು ಸೆಕೆಂಡಿನ ಲಿಂಟ್ ಕೂಡ ಮೂರು ನಿಮಿಷ ದಾಟುತ್ತದೆ. ಪ್ರೈವೇಟ್ ರೆಪೊದಲ್ಲಿ (ಹೊರಗಿನವರಿಗೆ ಕಾಣದ ಕೋಡ್ ಸಂಗ್ರಹ) ಬಿಲ್ಲಿನ ಲೆಕ್ಕ ಕೂಡ ಪ್ರತಿ ಜಾಬನ್ನು ಪೂರ್ತಿ ನಿಮಿಷಕ್ಕೆ ಏರಿಸಿಯೇ ಹಾಕುತ್ತಾರೆ.

ನನಗೆ ಹಿಡಿಸುವ ಜೋಡಣೆ ಇದು: ಫಾರ್ಮ್ಯಾಟ್, ಲಿಂಟ್, ಟೈಪ್ ಚೆಕ್ ಮೂರೂ ಒಂದೇ ಜಾಬ್‌ನಲ್ಲಿ. ಅದರ ಪಕ್ಕದಲ್ಲೇ, ಕಾಯದೆ, ಯೂನಿಟ್ ಟೆಸ್ಟ್. ಇವೆರಡೂ ಹಸಿರಾದ ಮೇಲೆ 'ನೀಡ್ಸ್' ಹಾಕಿ ಇಂಟಿಗ್ರೇಶನ್ ಮತ್ತು ಬ್ರೌಸರ್. ಮೊದಲ ಉತ್ತರ ಹತ್ತು ನಿಮಿಷದೊಳಗೆ ಬರಲಿ. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯವರು ಬಹಳ ಹಿಂದೆಯೇ ಹೇಳಿದ ಹತ್ತು ನಿಮಿಷದ ಮಿತಿ ಇವತ್ತಿಗೂ ಒಳ್ಳೆಯ ಅಳತೆ. ಅದು ದಾಟಿದರೆ ಜನ ಬೇರೆ ಕೆಲಸಕ್ಕೆ ಹೋಗಿಬಿಡುತ್ತಾರೆ, ವಾಪಸ್ ಬರುವಾಗ ತಲೆಯಲ್ಲಿದ್ದದ್ದು ಹೋಗಿರುತ್ತದೆ.

ಇನ್ನೆರಡು ಅಗ್ಗದ ರಿಪೇರಿಗಳು. ಅದೇ ಬ್ರಾಂಚ್‌ಗೆ ಹೊಸ ಕಮಿಟ್ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ) ಬಂದಾಗ ಹಳೆಯ ರನ್ ನಿಲ್ಲುವಂತೆ 'ಕನ್‌ಕರೆನ್ಸಿ' ಹಾಕಿ. ಗಿಟ್‌ಲ್ಯಾಬ್‌ನಲ್ಲಿ ಇದಕ್ಕೆ 'ಇಂಟರಪ್ಟಿಬಲ್'. ಆದರೆ ಕೋಡನ್ನು ಪ್ರೊಡಕ್ಷನ್‌ಗೆ, ಅಂದರೆ ಜನ ಬಳಸುವ ಸರ್ವರ್‌ಗೆ, ಕಳಿಸುವ ಡಿಪ್ಲಾಯ್ ಜಾಬ್‌ಗೆ ಇದನ್ನು ಹಾಕಬೇಡಿ, ಅರ್ಧಕ್ಕೆ ನಿಂತ ಡಿಪ್ಲಾಯ್ ಯಾರಿಗೂ ಬೇಡ. ಇನ್ನು ಮ್ಯಾಟ್ರಿಕ್ಸ್ (ಒಂದೇ ಜಾಬನ್ನು ಹಲವು ಓಎಸ್, ಆವೃತ್ತಿಗಳಲ್ಲಿ ಓಡಿಸುವುದು) ಬಳಸುತ್ತಿದ್ದರೆ 'ಫೇಲ್-ಫಾಸ್ಟ್' ತಾನಾಗಿಯೇ ಆನ್ ಇರುತ್ತದೆ. ಒಂದು ಬಿದ್ದ ಕೂಡಲೇ ಉಳಿದವೂ ನಿಲ್ಲುತ್ತವೆ. ಮಾಮೂಲಿ ದಿನಕ್ಕೆ ಅದು ಸರಿ. ದೋಷ ಹುಡುಕುವ ದಿನ ಮಾತ್ರ ಆಫ್ ಮಾಡಿ. ಆಗ ಎಲ್ಲಾ ಕಡೆ ಬೀಳುತ್ತಿದೆಯಾ, ವಿಂಡೋಸ್‌ನಲ್ಲಿ ಮಾತ್ರವಾ ಎಂದು ಗೊತ್ತಾಗುತ್ತದೆ.

"ಶುರುವೇ ಆಗುತ್ತಿಲ್ಲ" ಅಥವಾ "ಎಲ್ಲಾ ಮುಗಿದರೂ ಮರ್ಜ್ ಬಟನ್ ಕೊಡುತ್ತಿಲ್ಲ"

ಇವೆರಡು ನೋಡಲು ಒಂದೇ ಥರ, ಕಾರಣ ಬೇರೆ.

'ಕ್ಯೂಡ್' ಎಂದು ನಿಂತಿದ್ದರೆ ಮೊದಲು ರನ್ನರ್ (ಜಾಬ್ ಓಡಿಸುವ ಮೆಷಿನ್) ಲೇಬಲ್ ನೋಡಿ. ನಿಮ್ಮದೇ ಮೆಷಿನ್‌ಗಳ ಮೇಲೆ ಓಡಿಸುತ್ತಿದ್ದು ಲೇಬಲ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ಜಾಬ್ ಬಾರದ ರನ್ನರ್‌ಗೆ 24 ಗಂಟೆವರೆಗೆ ಕಾಯುತ್ತದೆ, ಆಮೇಲೆ ಬೀಳುತ್ತದೆ. ಗಿಟ್‌ಲ್ಯಾಬ್‌ನಲ್ಲಿ ಟ್ಯಾಗ್ ಹೊಂದದಿದ್ದರೆ 'ಸ್ಟಕ್' ಎಂದು ತೋರಿಸುತ್ತದೆ. ಲೇಬಲ್ ಸರಿಯಿದ್ದರೆ ಮಿತಿ ನೋಡಿ. ಗಿಟ್‌ಹಬ್‌ನ ಉಚಿತ ಪ್ಲಾನ್‌ನಲ್ಲಿ ಒಟ್ಟಿಗೆ 20 ಜಾಬ್, ಅದರಲ್ಲಿ ಮ್ಯಾಕ್‌ಓಎಸ್‌ನವು 5. ದೊಡ್ಡ ಮ್ಯಾಟ್ರಿಕ್ಸ್ ಇರುವ ಒಂದೇ ಪಿಆರ್ ಇಡೀ ಸಾಲನ್ನು ನುಂಗಿಬಿಡಬಹುದು. ಹಾಗಿದ್ದರೆ ಪಿಆರ್‌ಗೆ ಒಂದೆರಡು ಆವೃತ್ತಿ ಸಾಕು, ಪೂರ್ತಿ ಮ್ಯಾಟ್ರಿಕ್ಸ್ ರಾತ್ರಿ ಓಡಲಿ.

ಎಲ್ಲಾ ಹಸಿರಾಗಿದ್ದೂ ಒಂದು ಚೆಕ್ 'ಎಕ್ಸ್‌ಪೆಕ್ಟೆಡ್' ಎಂದು ಹಳದಿಯಲ್ಲಿ ನಿಂತಿದೆಯಾ? ಎರಡು ಕಾರಣ ಇರಬಹುದು. ಯಾರೋ ಜಾಬ್‌ನ ಹೆಸರು ಬದಲಾಯಿಸಿದ್ದಾರೆ, ಬ್ರಾಂಚ್ ರಕ್ಷಣೆಯ (ಮರ್ಜ್‌ಗೆ ಮೊದಲು ಪಾಸ್ ಆಗಲೇಬೇಕಾದ ಚೆಕ್‌ಗಳ) ಪಟ್ಟಿಯಲ್ಲಿ ಹಳೆಯ ಹೆಸರೇ ಇದೆ. ಇಲ್ಲವೇ, ಇಂಥ ಫೋಲ್ಡರ್ ಬದಲಾದರೆ ಮಾತ್ರ ಓಡು ಎಂದು ಇಡೀ ವರ್ಕ್‌ಫ್ಲೋಗೆ (ಜಾಬ್‌ಗಳೆಲ್ಲ ಸೇರಿದ ಒಂದು ಫೈಲ್) 'ಪಾತ್ಸ್' ಫಿಲ್ಟರ್ ಹಾಕಿದ್ದಾರೆ. ಆ ಫಿಲ್ಟರ್‌ನಿಂದ ವರ್ಕ್‌ಫ್ಲೋ ಓಡದಿದ್ದರೆ ಕಡ್ಡಾಯ ಚೆಕ್ ಎಂದೆಂದಿಗೂ ಕಾಯುತ್ತಲೇ ಇರುತ್ತದೆ. ವರ್ಕ್‌ಫ್ಲೋ ಓಡಲಿ, ಒಳಗಿನ ಜಾಬ್‌ಗೆ 'ಇಫ್' ಷರತ್ತು ಹಾಕಿ. ಷರತ್ತಿನಿಂದ ಬಿಟ್ಟ ಜಾಬನ್ನು ಗಿಟ್‌ಹಬ್ ಪಾಸ್ ಎಂದೇ ಎಣಿಸುತ್ತದೆ. ಸರದಿ ಚುರುಕು ಮಾಡಲು ಹೊರಟವರು ಮೊದಲು ಬೀಳುವ ಹಳ್ಳ ಇದೇ.

"ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ, ಸಿಐನಲ್ಲಿ ಬೀಳುತ್ತೆ"

ಅಗ್ಗದ್ದರಿಂದ ಶುರು ಮಾಡಿ. ಕಮಿಟ್ ಮಾಡಲು ಮರೆತ ಫೈಲ್ ಇದೆಯಾ, ಗಿಟ್‌ಇಗ್ನೋರ್ (ಗಿಟ್ ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿ) ಯಾವುದನ್ನಾದರೂ ನುಂಗಿದೆಯಾ ನೋಡಿ. ಹೊಸ ಫೋಲ್ಡರ್‌ಗೆ ಕ್ಲೋನ್ ಮಾಡಿ ಅಲ್ಲಿ ಓಡಿಸಿದರೆ ಇದು ಒಂದೇ ಏಟಿಗೆ ಗೊತ್ತಾಗುತ್ತದೆ.

ನಂತರ ಫೈಲಿನ ಹೆಸರು. ಮ್ಯಾಕ್ ಮತ್ತು ವಿಂಡೋಸ್ ಮಾಮೂಲಾಗಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಎಂದು ನೋಡುವುದಿಲ್ಲ, ಲಿನಕ್ಸ್ ನೋಡುತ್ತದೆ. 'ಮಾಡ್ಯೂಲ್ ಸಿಗುತ್ತಿಲ್ಲ' ಎಂಬ ಎರರ್ ಬಂದು, ಫೈಲ್ ಕಣ್ಣೆದುರೇ ಇದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಮೂರನೆಯದು ಆವೃತ್ತಿಗಳು. ನೋಡ್ ಪ್ರಾಜೆಕ್ಟ್ ಆದರೆ ಸಿಐನಲ್ಲಿ 'ಎನ್‌ಪಿಎಂ ಇನ್‌ಸ್ಟಾಲ್' ಬದಲು 'ಎನ್‌ಪಿಎಂ ಸಿಐ' ಬಳಸಿ. ಅದು ಲಾಕ್ ಫೈಲಿನಲ್ಲಿ (ಪ್ಯಾಕೇಜ್‌ಗಳ ನಿಖರ ಆವೃತ್ತಿಗಳ ಪಟ್ಟಿ) ಇರುವುದನ್ನೇ ಹಾಕುತ್ತದೆ, ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. 'ಉಬುಂಟು-ಲೇಟೆಸ್ಟ್' ಎಂದು ಬರೆದಿದ್ದರೆ ನಿಮಗೆ ಹೇಳದೆ ಕೇಳದೆ ಅಡಿಪಾಯ ಬದಲಾಗಬಹುದು. 2024ರ ಕೊನೆಯಿಂದ 2025ರ ಜನವರಿ ಹೊತ್ತಿಗೆ ಆ ಲೇಬಲ್ 22.04ರಿಂದ 24.04ಕ್ಕೆ ಹೋಯಿತು. ಮೊದಲೇ ಇರುತ್ತಿದ್ದ ಕೆಲವು ಟೂಲ್‌ಗಳು ಅದರಲ್ಲಿ ಇರಲಿಲ್ಲ. ಕೋಡ್ ಬದಲಾಗದೆಯೇ ಒಂದು ಬೆಳಿಗ್ಗೆ ಎಲ್ಲಾ ಕೆಂಪಾಗಿದ್ದರೆ ಲಾಗ್‌ನ ಮೇಲ್ತುದಿಯಲ್ಲಿರುವ ಇಮೇಜ್ ಆವೃತ್ತಿಯನ್ನು ನೆನ್ನೆಯದರ ಜೊತೆ ಹೋಲಿಸಿ.

ಆಮೇಲೆ ಗಡಿಯಾರ. ಇದು ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುವಂಥದ್ದು. ಗಿಟ್‌ಹಬ್‌ನ ಮೆಷಿನ್‌ಗಳು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿವೆ, ನಾವು ಐದೂವರೆ ಗಂಟೆ ಮುಂದೆ. ಕೋಡ್ ಭಾರತದ ಸಮಯದಲ್ಲಿ 'ಇವತ್ತು' ಲೆಕ್ಕ ಹಾಕುತ್ತದೆ, ಟೆಸ್ಟ್ ಮಾತ್ರ ಮೆಷಿನ್‌ನ ದಿನಾಂಕ ಕೇಳುತ್ತದೆ ಅಂದುಕೊಳ್ಳಿ. ಆ ಟೆಸ್ಟ್ ನಮ್ಮ ನಡುರಾತ್ರಿಯಿಂದ ಬೆಳಗಿನ ಜಾವ ಐದೂವರೆವರೆಗೆ ಮಾತ್ರ ಬೀಳುತ್ತದೆ. ಹಗಲಲ್ಲಿ ಎಷ್ಟು ಸಲ ಓಡಿಸಿದರೂ ಹಸಿರೇ. ರಿಲೀಸ್ ಹಿಂದಿನ ರಾತ್ರಿ ಮಾತ್ರ ಬೀಳುವ ಟೆಸ್ಟ್ ಎಂದು ಹೆಸರು ಪಡೆದವುಗಳಲ್ಲಿ ಕೆಲವಾದರೂ ಇವೇ ಇರುತ್ತವೆ. ಟೆಸ್ಟಿಗೆ ಗಟ್ಟಿ ದಿನಾಂಕ ಕೊಡಿ, ಲ್ಯಾಪ್‌ಟಾಪ್‌ನಲ್ಲೂ ಒಮ್ಮೆ ಟೈಮ್‌ಜೋನ್ ಯುಟಿಸಿ ಮಾಡಿ ಓಡಿಸಿ. ರಾತ್ರಿ ಓಡುವ ವರ್ಕ್‌ಫ್ಲೋ ಸಮಯವನ್ನೂ ಯುಟಿಸಿಯಲ್ಲೇ ಬರೆಯುವುದು ರೂಢಿ. ನಮ್ಮ ರಾತ್ರಿ 2 ಗಂಟೆ ಎಂದರೆ ಹಿಂದಿನ ದಿನದ 20:30.

ಗಿಟ್ ಇತಿಹಾಸ ಕೇಳುವ ಟೂಲ್ ಬಿದ್ದರೆ ಕೋಡ್ ಇಳಿಸುವ ಚೆಕ್‌ಔಟ್ ಹಂತ ನೋಡಿ. ಗಿಟ್‌ಹಬ್‌ನ ಚೆಕ್‌ಔಟ್ ಆಕ್ಷನ್ ಮಾಮೂಲಾಗಿ ಒಂದೇ ಕಮಿಟ್ ತರುತ್ತದೆ. ಹೊರಗಿನವರ ಫೋರ್ಕ್‌ನಿಂದ (ಅವರು ಮಾಡಿಕೊಂಡ ರೆಪೊದ ನಕಲು) ಬಂದ ಪಿಆರ್ ಮಾತ್ರ ಬೀಳುತ್ತಿದ್ದರೆ ಅದು ದೋಷವೇ ಅಲ್ಲ. ಫೋರ್ಕ್‌ಗೆ ಸೀಕ್ರೆಟ್‌ಗಳನ್ನು (ಪಾಸ್‌ವರ್ಡ್, ಟೋಕನ್) ಬೇಕೆಂತಲೇ ಕೊಡುವುದಿಲ್ಲ. ಅದನ್ನು ದಾಟಲು ದಾರಿ ಹುಡುಕುವ ಮೊದಲು ಕೊನೆಯ ಭಾಗ ಓದಿ.

"ಒಮ್ಮೆ ಹಸಿರು, ಒಮ್ಮೆ ಕೆಂಪು"

ಅದೇ ಕಮಿಟನ್ನು ಏನೂ ಬದಲಾಯಿಸದೆ ಮತ್ತೆ ಓಡಿಸಿ. ಫಲ ಬದಲಾದರೆ ಅದು ಫ್ಲೇಕಿ ಟೆಸ್ಟ್. ನಾಚಿಕೊಳ್ಳಬೇಕಾದ ವಿಷಯವೇನಲ್ಲ. ತಮ್ಮ ಟೆಸ್ಟ್‌ಗಳಲ್ಲಿ ಸುಮಾರು 16 ಶೇಕಡಾ ಒಂದಲ್ಲ ಒಂದು ಮಟ್ಟಕ್ಕೆ ಫ್ಲೇಕಿ ಎಂದು ಗೂಗಲ್‌ನವರೇ 2016ರಲ್ಲಿ ಬರೆದಿದ್ದರು. ಹಸಿರಿನಿಂದ ಕೆಂಪಿಗೆ ತಿರುಗಿದ್ದರಲ್ಲಿ 84 ಶೇಕಡಾ ಫ್ಲೇಕಿ ಟೆಸ್ಟ್‌ಗಳಿಗೆ ಸಂಬಂಧಿಸಿದ್ದು ಎಂದೂ ಹೇಳಿದ್ದರು. ಸರದಿ ಲೆಕ್ಕಕ್ಕೆ ಇದರಿಂದ ಆಗುವ ಹಾನಿ ಜಾಸ್ತಿ. ಸುಮ್ಮಸುಮ್ಮನೆ ಬೀಳುವ ಟೆಸ್ಟ್ 'ತುಂಬಾ ತಪ್ಪು ಹಿಡಿಯುತ್ತದೆ' ಎಂಬ ಸುಳ್ಳು ಅಂಕಿ ಕೊಟ್ಟು ಮುಂದಿನ ಸಾಲಿಗೆ ಬಂದು ಕೂರುತ್ತದೆ.

ಹುಡುಕುವ ಬಗೆ: ಆ ಟೆಸ್ಟನ್ನು ಒಂದನ್ನೇ ಹಲವು ಸಲ ಓಡಿಸಿ. ಒಂಟಿಯಾಗಿಯೂ ಬೀಳುತ್ತಿದ್ದರೆ ಸಮಯ, ನೆಟ್‌ವರ್ಕ್ ಅಥವಾ ಥ್ರೆಡ್ ರೇಸ್ (ಒಟ್ಟಿಗೆ ಓಡುವ ಕೆಲಸಗಳಲ್ಲಿ ಯಾವುದು ಮೊದಲು ಮುಗಿಯುತ್ತದೆ ಎಂಬ ಮೇಲಾಟ) ಕಡೆ ನೋಡಿ. 'ಎರಡು ಸೆಕೆಂಡ್ ಸ್ಲೀಪ್' ಎಂದು ಬರೆದಿದ್ದರೆ ಅಪರಾಧಿ ಬಹುಶಃ ಅದೇ. ಸಿಐ ಮೆಷಿನ್ ನಿಮ್ಮ ಲ್ಯಾಪ್‌ಟಾಪಿನಷ್ಟು ಚುರುಕಿರುವುದಿಲ್ಲ, ಆದ್ದರಿಂದ ಸಮಯಕ್ಕಲ್ಲ, ಆಗಬೇಕಾದ ಘಟನೆಗೇ ಕಾಯುವಂತೆ ಬರೆಯಿರಿ. ಒಂಟಿಯಾಗಿ ಪಾಸ್ ಆಗಿ ಗುಂಪಿನಲ್ಲಿ ಬಿದ್ದರೆ ಬೇರೆ ಟೆಸ್ಟ್ ಬಿಟ್ಟುಹೋದ ಕೊಳೆ ಇದೆ ಎಂದರ್ಥ. ಅದೇ ಪೋರ್ಟ್, ಅದೇ ಡೇಟಾಬೇಸ್ ಸಾಲು, ಗ್ಲೋಬಲ್ ವೇರಿಯಬಲ್ ಯಾವುದಾದರೂ ಆಗಿರಬಹುದು. ಟೆಸ್ಟ್‌ಗಳ ಕ್ರಮ ಕಲಸಿ ಓಡಿಸಿದರೆ ಜೋಡಿ ಸಿಕ್ಕಿಬೀಳುತ್ತದೆ.

ಎಲ್ಲಕ್ಕೂ ಮೂರು ಸಲ ರೀಟ್ರೈ ಹಾಕುವುದು ಸುಲಭ. ನನಗದು ಇಷ್ಟವಿಲ್ಲ. ನಿಜವಾದ ರೇಸ್ ಬಗ್ ಕೂಡ ಮೂರರಲ್ಲಿ ಒಂದು ಸಲ ಪಾಸ್ ಆಗುತ್ತದೆ ಅಲ್ವಾ? ಅದರ ಬದಲು ಫ್ಲೇಕಿ ಎಂದು ಖಚಿತವಾದದ್ದನ್ನು ಕಡ್ಡಾಯ ಪಟ್ಟಿಯಿಂದ ಹೊರಗಿಟ್ಟು, ಒಬ್ಬರ ಹೆಸರು ಮತ್ತು ಕೊನೆಯ ದಿನಾಂಕ ಬರೆದಿಡಿ. ಹೆಸರಿಲ್ಲದೆ ಹೊರಗಿಟ್ಟ ಟೆಸ್ಟ್ ವಾಪಸ್ ಬಂದದ್ದನ್ನು ನೋಡಿದವರು ಕಡಿಮೆ.

ಲಾಗ್‌ನಲ್ಲಿ 429 ಅಥವಾ 'ಟೂ ಮೆನಿ ರಿಕ್ವೆಸ್ಟ್ಸ್' ಕಂಡರೆ ಟೆಸ್ಟನ್ನು ಬೈಯಬೇಡಿ. ಕಂಟೇನರ್ ಇಮೇಜ್‌ಗಳ ಭಂಡಾರವಾದ ಡಾಕರ್ ಹಬ್ ಲಾಗಿನ್ ಆಗದವರಿಗೆ ಐಪಿ ವಿಳಾಸದ ಲೆಕ್ಕದಲ್ಲಿ ಮಿತಿ ಹಾಕುತ್ತದೆ. ಆಫೀಸಿನ ರನ್ನರ್‌ಗಳೆಲ್ಲ ಒಂದೇ ಐಪಿಯಿಂದ ಹೊರಗೆ ಹೋಗುತ್ತಿದ್ದರೆ ಮಿತಿ ಬೇಗ ಮುಗಿಯುತ್ತದೆ. ಲಾಗಿನ್ ಹಾಕಿ, ಇಲ್ಲವೇ ನಿಮ್ಮದೇ ಮಿರರ್ (ನಕಲು ಭಂಡಾರ) ಇಡಿ.

"ಮಧ್ಯದಲ್ಲೇ ಸತ್ತುಹೋಗುತ್ತೆ"

ಎಕ್ಸಿಟ್ ಕೋಡ್ 137 ಎಂದರೆ 128 ಕೂಡಿಸು 9, ಯಾರೋ ಬಲವಂತವಾಗಿ ಕೊಂದಿದ್ದಾರೆ. ಸಾಮಾನ್ಯವಾಗಿ ಮೆಮೊರಿ ಮುಗಿದಿರುತ್ತದೆ. ಒಟ್ಟಿಗೆ ಓಡುವ ಟೆಸ್ಟ್ ವರ್ಕರ್‌ಗಳನ್ನು ಅರ್ಧ ಮಾಡಿ ನೋಡಿ. 143 ಆದರೆ ನಿಲ್ಲು ಎಂಬ ಸೂಚನೆ ಬಂದಿದೆ, ಟೈಮ್‌ಔಟ್ ಅಥವಾ ಕ್ಯಾನ್ಸಲ್ ಇರಬಹುದು. ಡಿಸ್ಕ್ ತುಂಬಿದರೆ ಲಾಗ್‌ನಲ್ಲೇ ಬರೆದಿರುತ್ತದೆ. ಏನೂ ಹೇಳದೆ ಗಂಟೆಗಟ್ಟಲೆ ಓಡುತ್ತಿದ್ದರೆ ಯಾವುದೋ ಕಮಾಂಡ್ 'ಎಸ್ ಅಥವಾ ನೋ' ಎಂದು ಕೇಳಿ ಕಾಯುತ್ತಿರಬಹುದು. ಗಿಟ್‌ಹಬ್ ತಾನಾಗಿ ಜಾಬ್ ನಿಲ್ಲಿಸುವುದು 360 ನಿಮಿಷಕ್ಕೆ. ಅಷ್ಟು ಹೊತ್ತಿನ ದುಡ್ಡು ಸುಮ್ನೆ ಹೋಗುತ್ತದೆ. ಪ್ರತಿ ಜಾಬ್‌ಗೂ ಮಾಮೂಲಿ ಸಮಯದ ಎರಡರಷ್ಟು 'ಟೈಮ್‌ಔಟ್-ಮಿನಿಟ್ಸ್' ಹಾಕಿ.

"ಎಲ್ಲಾ ಹಸಿರು, ಆದರೂ ಪ್ರೊಡಕ್ಷನ್ ಬಿತ್ತು"

ಎಲ್ಲಕ್ಕಿಂತ ಅಪಾಯದ್ದು ಇದೇ, ಏಕೆಂದರೆ ಯಾರೂ ಹುಡುಕಲು ಹೋಗುವುದಿಲ್ಲ. ಇದರ ಅತಿ ಅಗ್ಗದ ಪರೀಕ್ಷೆ: ಒಂದು ಬ್ರಾಂಚ್‌ನಲ್ಲಿ ಬೇಕೆಂತಲೇ ಟೆಸ್ಟ್ ಮುರಿಯಿರಿ. ಸಿಐ ಕೆಂಪಾಗದಿದ್ದರೆ ನಿಮ್ಮ ಹಸಿರಿಗೆ ಬೆಲೆಯಿಲ್ಲ.

ಕಾರಣಗಳು ಕೆಲವೇ. ಟೆಸ್ಟ್ ಕಮಾಂಡಿನ ಔಟ್‌ಪುಟನ್ನು ಪೈಪ್ ಮಾಡಿ, ಬಂದದ್ದನ್ನು ಫೈಲಿಗೂ ಬರೆಯುವ 'ಟೀ' ಕಮಾಂಡಿಗೆ ಕಳಿಸಿದ್ದರೆ ಶೆಲ್ ನೋಡುವುದು ಕೊನೆಯ ಕಮಾಂಡಿನ ಫಲವನ್ನು. ಟೆಸ್ಟ್ ಬಿದ್ದರೂ 'ಟೀ' ಗೆದ್ದಿರುತ್ತದೆ. ಗಿಟ್‌ಹಬ್‌ನಲ್ಲಿ ಶೆಲ್ ಹೆಸರು ಬರೆಯದಿದ್ದರೆ ಪೈಪಿನಲ್ಲಿ ಯಾವ ಕಮಾಂಡ್ ಬಿದ್ದರೂ ಹಿಡಿಯುವ 'ಪೈಪ್‌ಫೇಲ್' ಇರುವುದಿಲ್ಲ. 'ಶೆಲ್: ಬ್ಯಾಶ್' ಎಂದು ಬರೆದರೆ ಇರುತ್ತದೆ. ಎಂದೋ ತುರ್ತಿಗೆ ಹಾಕಿದ 'ಕಂಟಿನ್ಯೂ-ಆನ್-ಎರರ್' ಹಾಗೇ ಉಳಿದಿರಬಹುದು. ಫೋಲ್ಡರ್ ಹೆಸರು ಬದಲಾಗಿ ಒಂದೂ ಟೆಸ್ಟ್ ಓಡದೆ ಪಾಸ್ ಆಗಿರಬಹುದು. ಓಡಿದ ಟೆಸ್ಟ್‌ಗಳ ಸಂಖ್ಯೆಯನ್ನು ಆಗಾಗ ಕಣ್ಣಾರೆ ನೋಡಿ.

ಇನ್ನೊಂದು ಸೂಕ್ಷ್ಮ. ಒಂದು ಪಿಆರ್ ಫಂಕ್ಷನ್ನಿನ ಹೆಸರು ಬದಲಾಯಿಸಿತು, ಇನ್ನೊಂದು ಹಳೆಯ ಹೆಸರನ್ನು ಹೊಸದಾಗಿ ಕರೆಯಿತು. ಬೇರೆ ಬೇರೆಯಾಗಿ ಎರಡೂ ಹಸಿರು, ಮರ್ಜ್ ಆದ ಮೇಲೆ ಮೇನ್ ಕೆಂಪು. ಇದಕ್ಕೆ ಮದ್ದು ಮರ್ಜ್ ಕ್ಯೂ, ಪಿಆರ್‌ಗಳನ್ನು ಸಾಲಿನಲ್ಲಿ ತಮ್ಮ ಮುಂದಿರುವವುಗಳ ಜೊತೆ ಸೇರಿಸಿ ಪರೀಕ್ಷಿಸಿದ ಮೇಲೆಯೇ ಮರ್ಜ್ ಮಾಡುವುದು. ಗಿಟ್‌ಲ್ಯಾಬ್‌ನಲ್ಲಿ ಮರ್ಜ್ ಟ್ರೇನ್. ದುಬಾರಿ ಚೆಕ್‌ಗಳನ್ನು ಪಿಆರ್‌ನಿಂದ ತೆಗೆದು ಈ ಹಂತಕ್ಕೆ ತರುವುದು ಒಳ್ಳೆಯ ರಾಜಿ.

ಡಿಪ್ಲಾಯ್ ಆದ ಮೇಲೆ ಒಂದು ಚಿಕ್ಕ ಸ್ಮೋಕ್ ಟೆಸ್ಟ್ ಇರಲಿ. ಲಾಗಿನ್ ಆಗುತ್ತಾ, ಮುಖ್ಯ ಪುಟ ಬರುತ್ತಾ, ಒಂದು ಆರ್ಡರ್ ಹೋಗುತ್ತಾ. ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ವರ್ಷದಿಂದ ಒಂದೂ ತಪ್ಪು ಹಿಡಿಯದಿದ್ದರೂ ಹಣದ ದಾರಿಯ ಟೆಸ್ಟನ್ನು ಕಿತ್ತುಹಾಕಬೇಡಿ. ಸರದಿ ಲೆಕ್ಕದಲ್ಲಿ ಅದು ಸೋಲಬಹುದು, ಆದರೆ ಅದು ಕಾಯುತ್ತಿರುವ ನಷ್ಟ ನಿಮಿಷಗಳಲ್ಲಿ ಅಳೆಯುವಂಥದ್ದಲ್ಲ.

ಇಲ್ಲಿ ಕೈ ತೆಗೆಯಿರಿ, ಸಹಾಯ ಕೇಳಿ

ಲಾಗ್‌ನಲ್ಲಿ ಪಾಸ್‌ವರ್ಡ್ ಅಥವಾ ಟೋಕನ್ ಕಂಡರೆ ಡೀಬಗ್ ಮಾಡುವುದನ್ನು ನಿಲ್ಲಿಸಿ. ಮೊದಲು ಆ ಕೀಲಿಯನ್ನು ರದ್ದು ಮಾಡಿಸಿ, ಲಾಗ್ ಅಳಿಸುವುದು ಆಮೇಲೆ. ಅಳಿಸಿಬಿಟ್ಟೆ, ಸಾಕು ಅನ್ನುವಂತಿಲ್ಲ, ಅಷ್ಟರಲ್ಲಿ ಯಾರು ಓದಿದ್ದಾರೋ ಗೊತ್ತಿಲ್ಲ. 2025ರ ಮಾರ್ಚ್‌ನಲ್ಲಿ 'ಟಿಜೆ-ಆಕ್ಷನ್ಸ್ ಚೇಂಜ್ಡ್-ಫೈಲ್ಸ್' ಎಂಬ ಆಕ್ಷನ್‌ನ (ವರ್ಕ್‌ಫ್ಲೋದಲ್ಲಿ ಕರೆದು ಬಳಸುವ ಸಿದ್ಧ ತುಣುಕು) ಹಳೆಯ ಟ್ಯಾಗ್‌ಗಳನ್ನೇ, ಅಂದರೆ ಆವೃತ್ತಿಯ ಹೆಸರುಗಳನ್ನೇ, ಯಾರೋ ಕೆಟ್ಟ ಕಮಿಟ್ ಕಡೆ ತಿರುಗಿಸಿದರು. ಯಾವ ಫೈಲ್ ಬದಲಾಗಿದೆ ನೋಡಿ ಬೇಕಾದ ಚೆಕ್ ಮಾತ್ರ ಓಡಿಸಲು ಬಳಸುವ ಆಕ್ಷನ್ ಅದು. 23,000ಕ್ಕೂ ಹೆಚ್ಚು ರೆಪೊಗಳು ಅದನ್ನು ಬಳಸುತ್ತಿದ್ದವು, ಸೀಕ್ರೆಟ್‌ಗಳು ಲಾಗ್‌ಗೆ ಸುರಿದವು. ಹೊರಗಿನ ಆಕ್ಷನ್‌ಗಳನ್ನು ಟ್ಯಾಗ್‌ನಿಂದಲ್ಲ, ಪೂರ್ತಿ 40 ಅಕ್ಷರದ ಕಮಿಟ್ ಗುರುತಿನಿಂದ ಕರೆಯಿರಿ.

ಫೋರ್ಕ್ ಪಿಆರ್‌ಗೆ ಸೀಕ್ರೆಟ್ ಸಿಗಲೆಂದು 'ಪುಲ್ ರಿಕ್ವೆಸ್ಟ್ ಟಾರ್ಗೆಟ್' ಬಳಸಿ ಅವರ ಕೋಡನ್ನೇ ಚೆಕ್‌ಔಟ್ ಮಾಡಿ ಓಡಿಸಬೇಡಿ. ಅಪರಿಚಿತರಿಗೆ ಕೀಲಿಗೊಂಚಲು ಕೊಟ್ಟಂತೆಯೇ. ಪಬ್ಲಿಕ್ ರೆಪೊಗೆ ಆಫೀಸಿನೊಳಗಿನ ರನ್ನರ್ ಜೋಡಿಸುವುದೂ ಬೇಡ. ಸೆಕ್ಯುರಿಟಿ ತಂಡದವರನ್ನು ಕೇಳಿಯೇ ಮುಂದೆ ಹೋಗಿ.

ಡೇಟಾಬೇಸ್ ಮೈಗ್ರೇಶನ್ (ಡೇಟಾಬೇಸಿನ ರಚನೆ ಬದಲಾಯಿಸುವುದು) ಇರುವ ಡಿಪ್ಲಾಯ್ ಜಾಬ್ ಅರ್ಧಕ್ಕೆ ನಿಂತಿದ್ದರೆ ರೀ-ರನ್ ಒತ್ತಬೇಡಿ. ಎಲ್ಲಿಯವರೆಗೆ ಆಗಿದೆ ಎಂದು ಡೇಟಾಬೇಸ್ ನೋಡಿಕೊಳ್ಳುವವರು ಹೇಳಲಿ.

ಉಳಿದ ದೋಷಗಳಿಗೆ, ಮೇಲಿನದ್ದೆಲ್ಲ ನೋಡಿ ಒಂದು ಗಂಟೆ ಕಳೆದರೂ ಸುಳಿವು ಸಿಗದಿದ್ದರೆ ಪ್ಲಾಟ್‌ಫಾರ್ಮ್ ತಂಡಕ್ಕೆ ಬರೆಯಿರಿ. "ಸಿಐ ಕೆಲಸ ಮಾಡ್ತಿಲ್ಲ, ಸ್ವಲ್ಪ ನೋಡಿ" ಎಂದು ಬರೆದರೆ ಅವರೂ ಮೊದಲಿನಿಂದ ಶುರು ಮಾಡಬೇಕು. ಬಿದ್ದ ರನ್‌ನ ಲಿಂಕ್, ಕೊನೆಯ ಬಾರಿ ಹಸಿರಾಗಿದ್ದ ರನ್‌ನ ಲಿಂಕ್, ಲಾಗ್‌ನ ಮೊದಲ ಎರರ್, ಮೇನ್‌ನಲ್ಲೂ ಬೀಳುತ್ತಿದೆಯಾ, ಅದೇ ಕಮಿಟ್ ಮತ್ತೆ ಓಡಿಸಿದರೆ ಏನಾಯಿತು, ಈ ಐದನ್ನು ಸೇರಿಸಿ ಕಳಿಸಿ. ಎರಡು ಲಿಂಕ್‌ಗಳ ನಡುವೆ ಕಮಿಟ್‌ಗಳು ಬಹಳ ಇದ್ದರೆ ಉತ್ತರ ಬರುವವರೆಗೆ ನಿಮ್ಮ ಮೆಷಿನ್‌ನಲ್ಲಿ ಕಮಿಟ್‌ಗಳನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವ 'ಗಿಟ್ ಬೈಸೆಕ್ಟ್' ಓಡಲು ಬಿಡಿ. ಸಾವಿರ ಕಮಿಟ್ ಇದ್ದರೂ ಹತ್ತು ಸಲ ಓಡಿಸಿದರೆ ಕೆಡಿಸಿದ ಕಮಿಟ್ ಸಿಗುತ್ತದೆ.